ಜೋಲಿ, ಗೊರಬು ಮತ್ತು ಆರಿದ್ರಾ ಮಳೆ

ಮೊನ್ನೆ ಆರಿದ್ರಾ ಮಳೆ ಹಿಡಿದ ವಾರ ಬಾಳೂರಿಗೆ ಹೋಗಿದ್ದೆ. ಜೊತೆಗೆ ಬೆಂಗಳೂರಿನ ಒಬ್ಬ ಸ್ನೇಹಿತ. ಅವನಿಗೆ ಇತ್ತೀಚೆಗೆ ಹ್ಯಾಮಕ್ ಹುಚ್ಚು ಹಿಡಿದಿದೆ. ಎರಡು ಮರಗಳ ನಡುವೆ ಬಟ್ಟೆಯ ಜೋಲಿ ಕಟ್ಟಿ, ಮೇಲೊಂದು ಟಾರ್ಪಾಲು ಎಳೆದು ಅದರಲ್ಲೇ ರಾತ್ರಿ ಮಲಗೋದು. ಟೆಂಟಾದರೆ ನೆಲದ ನೀರು ಒಳಗೆ ಬರುತ್ತೆ, ಇಂಬಳ ಹತ್ತುತ್ತೆ, ಇದರಲ್ಲಿ ಅದ್ಯಾವ ಕಾಟವೂ ಇಲ್ಲ ಅಂತ ದಾರಿಯುದ್ದಕ್ಕೂ ಪುರಾಣ ಹೇಳಿದ. ಕಾಡಿನಲ್ಲಿ ಅನುಮತಿ ಇಲ್ಲದೆ ಮಲಗುವ ಹಾಗಿಲ್ಲ, ಹಾಗಾಗಿ ನಮ್ಮದೇ ಎರಡೆಕರೆ ತೋಟದ ಅಂಚಿನಲ್ಲಿ ಸಿಲ್ವರ್ ಓಕ್ ಮರಗಳಿಗೆ ಎರಡು ಜೋಲಿ ಕಟ್ಟಿದ್ದಾಯ್ತು. ಅಪ್ಪ ಜಗಲಿಯಿಂದಲೇ ನೋಡಿ, "ಮನೆ ಬಿದ್ದೋಗಿದ್ಯೇನೋ?" ಅಂದ್ರು. ಅಷ್ಟೇ.

ರಾತ್ರಿ ಒಂದು ಗಂಟೆಯವರೆಗೆ ಸ್ವರ್ಗ. ಟಾರ್ಪಾಲಿನ ಮೇಲೆ ಮಳೆ ಬಡಿಯುತ್ತಾ ಇದೆ, ನಾವು ಕೆಳಗೆ ಬೆಚ್ಚಗೆ ತೂಗಾಡ್ತಾ ಇದ್ದೇವೆ. ಆಮೇಲೆ ಬೆನ್ನಿಗೆ ತಣ್ಣಗೆ ಏನೋ ತಾಗಿತು. ಟಾರ್ಚ್ ಹಾಕಿ ನೋಡಿದರೆ ಟಾರ್ಪಾಲು ಎಲ್ಲೂ ಹರಿದಿಲ್ಲ, ಸೋರ್ತಾ ಇಲ್ಲ. ಇರಚಲೂ ಅಲ್ಲ. ಆದರೆ ಜೋಲಿಯ ಬಟ್ಟೆ ಪೂರ್ತಿ ಒದ್ದೆ, ನಡುವೆ ಒಂದು ಸಣ್ಣ ಕೆರೆ. ಎರಡು ಗಂಟೆಗೆ ಇಬ್ಬರೂ ನಡುಗುತ್ತಾ ಮನೆಗೆ ಓಡಿ ಬಂದು ಬಚ್ಚಲೊಲೆ ಮುಂದೆ ಕೂತೆವು.

ಬೆಳಿಗ್ಗೆ ಅಪ್ಪ ಹೋಗಿ ನೋಡಿಕೊಂಡು ಬಂದ್ರು. ಬಂದವರು ಕಾಫಿ ಲೋಟ ಹಿಡಿದು ಕೂತು ನಿಧಾನವಾಗಿ ಹೇಳಿದ್ರು: "ನೀರು ಮೇಲಿಂದ ಬರ್ಲಿಲ್ಲ ಕಣೋ. ಮರದಿಂದ ಪಟ್ಟಿ ಹಿಡ್ಕಂಡು ಬಂದಿದೆ. ಪಟ್ಟಿಗೊಂದು ದಾರ ಇಳಿಬಿಟ್ಟಿದ್ರೆ ಅಲ್ಲೇ ತೊಟ್ಟಿಕ್ಕಿ ಹೋಗ್ತಿತ್ತು. ನಿಮ್ಮಜ್ಜನ್ನ ಜೋಲಿಲಿ ಹೊತ್ಕಂಡು ಹೋದಾಗ ಹಂಗೇ ಮಾಡಿದ್ದು."

ಅಜ್ಜನನ್ನು ಜೋಲಿಯಲ್ಲಿ ಹೊತ್ತ ಕತೆ ನನಗೆ ಗೊತ್ತಿತ್ತು. ದಾರದ ವಿಷಯ ಗೊತ್ತಿರಲಿಲ್ಲ. ಅಲ್ಲಿಂದ ಶುರುವಾಗಿ ಈ ಮಳೆ, ಜೋಲಿ, ಕೊಪ್ಪೆಗಳ ಹಿಂದೆ ಬಿದ್ದು ಒಂದಿಷ್ಟು ಓದಿದೆ. ಓದಿದ್ದನ್ನೂ ಅಪ್ಪ ಹೇಳಿದ್ದನ್ನೂ ಇಲ್ಲಿ ಸೇರಿಸಿ ಹಾಕ್ತಾ ಇದ್ದೀನಿ.

ಮೊದಲು ಜೋಲಿ. ಹ್ಯಾಮಕ್ ಅನ್ನೋ ಮಾತು ಕೆರಿಬಿಯನ್ ದ್ವೀಪಗಳ ತೈನೋ ಜನರದ್ದು. 1492ರಲ್ಲಿ ಅಲ್ಲಿಗೆ ಹೋದ ಕೊಲಂಬಸ್‌ನ ಕಡೆಯವರು ಅಲ್ಲಿನ ಜನ ಬಲೆಯಂಥ ಹಾಸಿಗೆಯಲ್ಲಿ ತೂಗಾಡಿಕೊಂಡು ಮಲಗೋದನ್ನು ನೋಡಿದರು. ನೂರು ವರ್ಷ ಕಳೆಯುವಷ್ಟರಲ್ಲಿ ಅದು ಹಡಗುಗಳಿಗೆ ಹತ್ತಿತು. 1597ರಲ್ಲಿ ಇಂಗ್ಲೆಂಡಿನ ನೌಕಾಪಡೆಯೇ ಅದನ್ನು ಒಪ್ಪಿಕೊಂಡಿತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಅದಕ್ಕೊಂದು ಸೂರು, ಸುತ್ತ ಸೊಳ್ಳೆಪರದೆ ಹೊಲಿಸಿ ಮಳೆಕಾಡಿಗೆ ಕಳಿಸಿತು. ನನ್ನ ಸ್ನೇಹಿತನ ಹತ್ತಿರ ಇರೋದು ಅದರ ಮೊಮ್ಮಗ.

ಆದರೆ ಸೂರಿರುವ ಜೋಲಿ ನಮ್ಮ ಕಡೆಗೆ ಹೊಸದೇನಲ್ಲ. 1886ರಲ್ಲಿ ಅಚ್ಚಾದ 'ಹಾಬ್ಸನ್-ಜಾಬ್ಸನ್' ಅನ್ನುವ ಹಳೇ ಇಂಗ್ಲಿಷ್ ನಿಘಂಟಿನಲ್ಲಿ 'ಮಂಚೀಲ್' ಅಂತೊಂದು ಪದ ಇದೆ. ಸಂಸ್ಕೃತದ ಮಂಚದಿಂದ ಬಂದದ್ದು, ಪಶ್ಚಿಮ ಕರಾವಳಿಯಲ್ಲಿ ಪಲ್ಲಕ್ಕಿಯ ಬದಲು ಬಳಸುತ್ತಿದ್ದ, ಬೊಂಬಿಗೆ ಕಟ್ಟಿ ಹೊರುವ ಜೋಲಿ ಅಂತ ವಿವರ. ಪೆರುವಿನಿಂದ ಸಿಂಕೋನಾ ಗಿಡ ತಂದು ನೀಲಗಿರಿಯಲ್ಲಿ ನೆಡಿಸಿದ ಕ್ಲೆಮೆಂಟ್ಸ್ ಮಾರ್ಕಮ್ ಕೂಡಾ ಇದರಲ್ಲಿ ಪ್ರಯಾಣ ಮಾಡಿದ್ದ. 1862ರ ತನ್ನ ಪುಸ್ತಕದಲ್ಲಿ, ಬೊಂಬಿಗೆ ತೂಗುಹಾಕಿದ ಜೋಲಿ, ಅದರ ಮೇಲೊಂದು ಹೊದಿಕೆ ಅಂತ ಬರೆದಿದ್ದಾನೆ. ಅಂದ್ರೆ ಹ್ಯಾಮಕ್ ಪ್ಲಸ್ ಟಾರ್ಪಾಲು! ವ್ಯತ್ಯಾಸ ಒಂದೇ, ನಮ್ಮದನ್ನು ಮರ ಹೊತ್ತಿತ್ತು, ಅವನದನ್ನು ಮನುಷ್ಯರು ಹೊತ್ತಿದ್ದರು.

ಇದಕ್ಕೂ ಹಿಂದೆ, 1623ರಲ್ಲಿ ಕೆಳದಿಯ ವೆಂಕಟಪ್ಪ ನಾಯಕನನ್ನು ನೋಡಲು ಹೊರಟ ಪೋರ್ಚುಗೀಸ್ ರಾಯಭಾರಿಯ ಜೊತೆ ಇಕ್ಕೇರಿಗೆ ಬಂದ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಒಂದು ತಮಾಷೆಯ ಸಂಗತಿ ಬರೆದಿಟ್ಟಿದ್ದಾನೆ. ಪೋರ್ಚುಗೀಸರ ಆಳ್ವಿಕೆಯ ಊರುಗಳಲ್ಲಿ ಗಂಡಸರು ಪಲ್ಲಕ್ಕಿಯಲ್ಲಿ ಓಡಾಡುವ ಹಾಗಿರಲಿಲ್ಲವಂತೆ, ಅದು ಹೆಣ್ಣಿಗತನ ಅಂತ. ಆದರೆ ಮಳೆಗಾಲ ಹಿಡಿದ ತಕ್ಷಣ ಒಬ್ಬೊಬ್ಬರೇ ಹೋಗಿ ಶಿಫಾರಸಿನಿಂದಲೋ ಲಂಚ ಕೊಟ್ಟೋ ಅನುಮತಿ ಮಾಡಿಸಿಕೊಳ್ಳುವರು. ಹಾಗೇ ಸಡಿಲವಾಗಿ ಸಡಿಲವಾಗಿ ಕೊನೆಗೆ ಎಲ್ಲ ಕಾಲದಲ್ಲೂ ಎಲ್ಲರೂ ಪಲ್ಲಕ್ಕಿಯಲ್ಲೇ. ನಾನೂರು ವರ್ಷ ಆದರೂ ಕಚೇರಿಗಳ ರೀತಿ ಬದಲಾಗಿಲ್ಲ ನೋಡಿ. ಅದಿರಲಿ. ನನಗೆ ಓದುವಾಗ ತಲೆಗೆ ಬಂದದ್ದು ಬೇರೆ. ಒಳಗೆ ಕೂತವನು ನೆನೆಯದಿರಲು ಇಷ್ಟೆಲ್ಲಾ ಏರ್ಪಾಡು. ಹೊತ್ತವರು? ಅವರು ಮೈಮೇಲೆ ಏನು ಹಾಕಿಕೊಂಡು ಆ ಮಳೆಯಲ್ಲಿ ನಡೆದರು? ಅದನ್ನು ಕೇಳಿದರೆ ನಮ್ಮ ಮನೆಗೇ ಬಂದು ನಿಲ್ಲುತ್ತೆ.

ನಮ್ಮ ಕಡೆಯ ಮಳೆ ನೋಡದವರಿಗೆ ಒಂದು ಮಾತು. ಮಾರ್ಕ್ ವಿಲ್ಕ್ಸ್ ಅನ್ನುವವನು 1810ರಿಂದ ಹೊರಬಂದ ತನ್ನ ಮೈಸೂರು ಇತಿಹಾಸದಲ್ಲಿ ಬಿದನೂರಿನ, ಅಂದರೆ ನಗರದ, ಮಳೆಯ ಬಗ್ಗೆ ಹೇಳುತ್ತಾ, ಅಲ್ಲಿನ ಸಂಸಾರಗಳು ಮಳೆಗಾಲಕ್ಕೆ ದಿನಸಿ ತುಂಬಿಕೊಳ್ಳೋದು ಆರು ತಿಂಗಳ ಸಮುದ್ರಯಾನಕ್ಕೆ ಹೊರಟ ಹಡಗಿನ ಹಾಗೆ, ನೀರೊಂದು ಬಿಟ್ಟು ಅಂತಾನೆ. ಒಳ್ಳೇ ಹೋಲಿಕೆ. ಆದರೆ ಅದು ಮನೆಯೊಳಗೆ ಕೂರುವವರ ಕತೆ. ಮಲೆನಾಡಿನ ಮುಕ್ಕಾಲು ಕೆಲಸ ಇರೋದೇ ಮಳೆಯಲ್ಲಿ. ಗದ್ದೆ ಹೂಟಿ, ಸಸಿ ಕೀಳೋದು, ನಾಟಿ, ತೋಟದಲ್ಲಿ ಕಾಫಿ ಗಿಡ ನೆಡೋದು, ಚಿಗುರು ತೆಗೆಯೋದು... ಎಲ್ಲಾ ಜೂನ್ ಮೇಲೆ. ತೋಟದವರು ಇವತ್ತಿಗೂ ಮಳೆಯನ್ನು ಇಂಚು, ಸೆಂಟ್ಸ್ ಲೆಕ್ಕದಲ್ಲೇ ಬರೆದಿಡ್ತಾರೆ. "ನಿನ್ನೆ ನಮ್ಮಲ್ಲಿ ಮೂರಿಂಚು ನಲ್ವತ್ತು" ಅಂದರೆ ಪಕ್ಕದವರು "ನಮ್ಮಲ್ಲಿ ನಾಲ್ಕು" ಅನ್ನಲೇಬೇಕು. ಅದೊಂಥರಾ ಪಂದ್ಯ.

ಇಂಥಾ ಮಳೆಯಲ್ಲಿ ಕೊಡೆ ಪ್ರಯೋಜನಕ್ಕಿಲ್ಲ. ಎರಡೂ ಕೈಗೆ ಕೆಲಸ ಇರೋರಿಗೆ ಕೊಡೆ ಹಿಡಿಯೋಕೆ ಮೂರನೇ ಕೈ ಎಲ್ಲಿಂದ ತರೋದು? ಎಸ್ಟೇಟುಗಳಲ್ಲಿ ಕೊಡೆ ಇದ್ದದ್ದು ರೈಟರಿಗೆ, ಮೇಸ್ತ್ರಿಗೆ. ಕೊಡೆ ಹಿಡಿದವನು ಕೆಲಸ ಮಾಡೋನಲ್ಲ, ಮಾಡಿಸೋನು ಅಂತ ದೂರದಿಂದಲೇ ಗೊತ್ತಾಗ್ತಿತ್ತು ಅಂತ ಅಜ್ಜಿ ಹೇಳ್ತಿದ್ಲು.

ಗಂಡಸರಿಗೆ ಕಂಬಳಿ ಕೊಪ್ಪೆ. ಇದರ ವಿಚಿತ್ರ ಏನಂದ್ರೆ, ನಮ್ಮ ಮಳೆಗೆ ಬೇಕಾದ ಕಂಬಳಿ ನಮ್ಮಲ್ಲಿ ಆಗೋದಿಲ್ಲ. ಕುರಿ ಮಲೆನಾಡಿನ ಒದ್ದೆಯಲ್ಲಿ ಬದುಕೋದು ಕಷ್ಟ. ಕಂಬಳಿ ಬರೋದು ಮಳೆಯೇ ಇಲ್ಲದ ಸೀಮೆಯಿಂದ: ಚಳ್ಳಕೆರೆ, ಚಿತ್ರದುರ್ಗದ ಕಡೆಯಿಂದ, ಕುರುಬರ ಗುಂಡಿಮಗ್ಗಗಳಿಂದ. ದಖನಿ ಕುರಿಯ ಕರೀ ಉಣ್ಣೆ ಕತ್ತರಿಸಿ, ಎಕ್ಕಿ, ನೂತು, ಹಾಸಿನ ನೂಲಿಗೆ ಹುಣಸೆಬೀಜದ ಗಂಜಿ ಕೊಟ್ಟು ನೇಯ್ತಾರೆ. ಹೊಸ ಕಂಬಳಿ ಹಲಗೆಯ ಹಾಗೆ ಬಿರುಸಾಗಿರೋದು ಆ ಗಂಜಿಯಿಂದ. ಬಯಲುಸೀಮೆಯಲ್ಲಿ ಅದು ದೇವರ ಗದ್ದುಗೆ, ಮದುವೆಯಲ್ಲಿ ಹಾಸು. ಘಟ್ಟದ ಕಡೆಗೆ ಬಂದ ಮೇಲೆ ಅದು ಸೂರು.

ಉಣ್ಣೆಯ ಎಳೆಗೆ ಸ್ವಾಭಾವಿಕವಾಗಿ ಜಿಡ್ಡಿನ ಅಂಶ ಇರುತ್ತೆ, ಹನಿ ಮೇಲೆಯೇ ಉರುಳಿ ಹೋಗುತ್ತೆ. ಒಳಗಿನ ಬೆವರಿನ ಆವಿಯನ್ನು ಮಾತ್ರ ಎಳೆ ಹೀರಿಕೊಳ್ಳುತ್ತೆ. ತನ್ನ ತೂಕದ ಸುಮಾರು ಮೂರನೇ ಒಂದು ಭಾಗ ತೇವ ಕುಡಿದರೂ ಮುಟ್ಟಿದರೆ ಒದ್ದೆ ಅನ್ನಿಸೋದಿಲ್ಲ. ಹತ್ತಿಬಟ್ಟೆ ನೆಂದರೆ ಮೈಯ ಶಾಖವನ್ನೇ ಎಳೆದುಕೊಳ್ಳುತ್ತೆ, ಕಂಬಳಿ ನೆಂದರೂ ಬೆಚ್ಚಗೆ. ಆದ್ದರಿಂದಲೇ ಇಡೀ ದಿನ ಮಳೆಯಲ್ಲಿ ಹೂಟಿ ಮಾಡಿದವನು ಸಂಜೆ ಬದುಕಿ ಬರ್ತಿದ್ದ. ಹಾಗಂತ ಕಂಬಳಿ ಪವಾಡ ಅಂತ ಹೇಳೋದೂ ತಪ್ಪು. ಆಶ್ಲೇಷದ ಹೊತ್ತಿಗೆ ನೀರು ಕುಡಿದ ಕಂಬಳಿಯನ್ನು ಒಬ್ಬರೇ ಹಿಂಡೋಕಾಗಲ್ಲ. ರಾತ್ರಿ ಒಲೆಯ ಮೇಲಿನ ಗಳುವಿಗೆ ಹಾಕಿದರೆ ಬೆಳಿಗ್ಗೆ ಅರ್ಧ ಒಣಗಿರುತ್ತೆ, ಹೊಗೆ, ಉಣ್ಣೆ, ಬೆವರಿನ ವಾಸನೆ ಸೇರಿ ಮನೆಯೆಲ್ಲಾ ಗಮ್ಮೆನ್ನುತ್ತೆ. ಆ ವಾಸನೆ ಮೂಗಿಗೆ ಬಡಿದರೆ ನನಗೆ ಇವತ್ತಿಗೂ ಶಾಲೆ ಶುರುವಾದ ಹಾಗೆ ಆಗುತ್ತೆ.

ಇನ್ನು ಬಿಳಿಯರು. 19ನೇ ಶತಮಾನದ ನಡುವಿನಿಂದ ಮಂಜರಾಬಾದು, ಮೂಡಿಗೆರೆ ಕಡೆಗೆ ಕಾಫಿ ಮಾಡಲು ಬಂದವರು. ಚಾರ್ಲ್ಸ್ ಮ್ಯಾಕಿಂತೋಶ್ 1823ರಲ್ಲೇ ರಬ್ಬರು ಬಳಿದ ಬಟ್ಟೆಗೆ ಪೇಟೆಂಟ್ ತೆಗೆದಿದ್ದ. ಆದರೆ ಆ ಮೊದಲ ಕೋಟುಗಳು ಸೆಕೆಗೆ ಅಂಟಂಟಾಗುತ್ತಿದ್ದವು, ಚಳಿಗೆ ಬಿರಿಯುತ್ತಿದ್ದವು, ಜೊತೆಗೆ ಕೆಟ್ಟ ನಾತ. 1840ರ ದಶಕದಲ್ಲಿ ಗುಡ್‌ಇಯರ್, ಹ್ಯಾನ್‌ಕಾಕ್ ಇಬ್ಬರೂ ರಬ್ಬರಿಗೆ ಗಂಧಕ ಬೆರೆಸಿ ಬೇಯಿಸುವ ವಿದ್ಯೆ ಕಂಡುಕೊಂಡ ಮೇಲೆ ಸುಧಾರಿಸಿತು. ಆದರೂ ಗುಡ್ಡ ಹತ್ತುವವನಿಗೆ ರಬ್ಬರು ಕೋಟು ಅಂದರೆ ಹೊರಗಿನ ಮಳೆ ತಪ್ಪಿಸಿ ಒಳಗಿನ ಬೆವರಲ್ಲಿ ನೆನೆಯೋದು. ಕಂಬಳಿಯನ್ನು ಇಂಗ್ಲಿಷರು 'ಕಂಬ್ಲಿ' ಅಂತಲೇ ತಮ್ಮ ಭಾಷೆಗೆ ಸೇರಿಸಿಕೊಂಡರು, ಅದೂ ಆ ನಿಘಂಟಿನಲ್ಲಿದೆ. ನಮ್ಮವರ ಕೈಗೆ ಎಟುಕುವ ರಬ್ಬರು ಕೋಟು ಬಂದದ್ದು ಬಹಳ ತಡವಾಗಿ, 1920ರಲ್ಲಿ ಸುರೇಂದ್ರ ಮೋಹನ್ ಬೋಸ್ ಕಲ್ಕತ್ತೆಯಲ್ಲಿ ಬೆಂಗಾಲ್ ವಾಟರ್‌ಪ್ರೂಫ್ ಶುರು ಮಾಡಿದ ಮೇಲೆ. 'ಡಕ್‌ಬ್ಯಾಕ್' ಹೆಸರು ಕೇಳಿರ್ತೀರಲ್ಲ, ಅದು.

ಹೆಂಗಸರ ಗೊರಬು ಇದೆಲ್ಲಕ್ಕಿಂತ ಜಾಣತನದ ವಸ್ತು ಅಂತ ನನ್ನ ಅಭಿಪ್ರಾಯ. ನಾಟಿ ಮಾಡುವವರು ಸೊಂಟ ಬಗ್ಗಿಸಿ ನಿಲ್ಲಬೇಕು. ಮಳೆ ಬೀಳೋದು ತಲೆಗಲ್ಲ, ಬೆನ್ನಿಗೆ. ಹಾಗಾಗಿ ನೆತ್ತಿಯಿಂದ ಸೊಂಟದ ಕೆಳಗಿನವರೆಗೆ ದೋಣಿ ಕವುಚಿದ ಹಾಗೆ ಒಂದು ಚಿಪ್ಪು. ಬಿದಿರಿನ ಸೀಳಿನಿಂದ ಹೆಣೆದ ಎರಡು ಬಲೆ, ನಡುವೆ ಒತ್ತೊತ್ತಾಗಿ ಒಣಗಿದ ಎಲೆ. ತಲೆಗೆ ಸಿಕ್ಕಿಸಿಕೊಂಡರೆ ಎರಡೂ ಕೈ ಖಾಲಿ. ಮೈಗೆ ಅಂಟೋದಿಲ್ಲವಾದ್ದರಿಂದ ಒಳಗೆ ಗಾಳಿ ಆಡುತ್ತೆ. ಸಾಲಾಗಿ ಗೊರಬು ಹಾಕಿಕೊಂಡು ನಾಟಿ ಮಾಡ್ತಿದ್ದರೆ ಗದ್ದೆಯಲ್ಲಿ ಆಮೆಗಳು ಹಿಂದಕ್ಕೆ ನಡೀತಿರೋ ಹಾಗೆ ಕಾಣೋದು. ಘಟ್ಟದ ಕೆಳಗೆ ತುಳುವಿನಲ್ಲಿ ಇದಕ್ಕೆ ಕೊರಂಬು ಅಂತಾರೆ. ಮಳೆಗಾಲ ಮುಗಿದ ಮೇಲೆ ಒಲೆಯ ಮೇಲಿನ ಅಟ್ಟಕ್ಕೆ ಸೇರಿಸಿದರೆ ಹೊಗೆ ಹಿಡಿದು ಹುಳ ಬೀಳೋದಿಲ್ಲ, ಇನ್ನೂ ಒಂದೆರಡು ಮಳೆಗಾಲ ಬರುತ್ತೆ.

ಕರಾವಳಿಯಲ್ಲಿ ಇಂಥದ್ದಕ್ಕೆಲ್ಲ ತಾಳೆಯ ಜಾತಿಯ ಓಲೆ. ಅದರಲ್ಲೂ ಶ್ರೀತಾಳೆ ಅಂದರೆ ಒಂದೊಂದು ಎಲೆಯೇ ಒಂದೊಂದು ಮಾಡು. ಮರ ಜೀವಮಾನಕ್ಕೊಂದೇ ಸಲ ಹೂಬಿಟ್ಟು ಸಾಯುತ್ತೆ. ಸಿಲೋನಿನಲ್ಲಿ ಕ್ಯಾಂಡಿಯ ರಾಜನ ಸೆರೆಯಲ್ಲಿ ಸುಮಾರು 20 ವರ್ಷ ಇದ್ದು ತಪ್ಪಿಸಿಕೊಂಡ ರಾಬರ್ಟ್ ನಾಕ್ಸ್ 1681ರ ಪುಸ್ತಕದಲ್ಲಿ ಈ ಎಲೆಯನ್ನು ಹೊಗಳಿದ್ದೇ ಹೊಗಳಿದ್ದು. ಅಲ್ಲಿನ ಸೈನಿಕರು ಒಬ್ಬೊಬ್ಬರೂ ಒಂದೊಂದು ಎಲೆ ಮಡಚಿ ಒಯ್ಯುವರಂತೆ, ನಡೆಯುವಾಗ ತಲೆಮೇಲೆ ಹಿಡಿಯೋದು, ರಾತ್ರಿ ಅದನ್ನೇ ಡೇರೆ ಮಾಡಿಕೊಂಡು ಮಲಗೋದು. ತಲೆಗೆ ಎಲೆ ಹಿಡಿದು ನಿಂತವನ ಚಿತ್ರವೂ ಆ ಪುಸ್ತಕದಲ್ಲಿದೆ. ನನ್ನ ಸ್ನೇಹಿತ ತನ್ನ ಟಾರ್ಪಾಲು ಎಷ್ಟು ಹಗುರ ಅಂತ ಗ್ರಾಮ್ ಲೆಕ್ಕ ಹೇಳ್ತಿದ್ದಾಗ ನನಗೆ ಇದು ಗೊತ್ತಿದ್ದರೆ ಬಾಯಿ ಮುಚ್ಚಿಸ್ತಿದ್ದೆ :)

ಮನುಷ್ಯರಿಗೆ ಮಾತ್ರ ಅಲ್ಲ, ಮಲೆನಾಡಿನಲ್ಲಿ ಅಡಕೆ ಗೊನೆಗೂ ಕೊಪ್ಪೆ ಇತ್ತು. ಕೊಳೆರೋಗ ಬರದಿರಲಿ ಅಂತ ಮಳೆಗೆ ಮುಂಚೆ ಕರಡದ ಹುಲ್ಲಿನ ಕೊಟ್ಟೆ ಹೆಣೆದು ಒಂದೊಂದು ಗೊನೆಗೂ ಕಟ್ಟುವುದು. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಕೊಳೆರೋಗದ ಶಿಲೀಂಧ್ರವನ್ನು ಅಭ್ಯಾಸ ಮಾಡಿ ಬೋರ್ಡೊ ದ್ರಾವಣ ರೂಢಿಗೆ ತಂದ ಮೇಲೆ ಕೊಟ್ಟೆ ನಿಧಾನಕ್ಕೆ ಹಿಂದೆ ಸರಿಯಿತು. ಸುಣ್ಣ, ಮೈಲುತುತ್ತದ ಮುಂದೆ ಹುಲ್ಲು ಎಷ್ಟು ದಿನ ನಿಲ್ಲುತ್ತೆ?

ಈಗ ಅಜ್ಜನ ಕತೆ. 1968ರ ಆಶ್ಲೇಷ ಮಳೆ. ಅಪ್ಪನಿಗೆ ಹತ್ತು ವರ್ಷ. ಅಜ್ಜಿ ಹತ್ತಿರದ ಎಸ್ಟೇಟಿನಲ್ಲಿ ಕೆಲಸಕ್ಕೆ ಹೋಗ್ತಿದ್ದಳು, ಅಜ್ಜ ಗದ್ದೆ ಕೆಲಸ. ಅಜ್ಜನಿಗೆ ಜ್ವರ ಬಂದು ನಾಲ್ಕನೇ ದಿನಕ್ಕೆ ಮಾತು ತೊದಲೋಕೆ ಶುರುವಾಯ್ತು. ಕೊಟ್ಟಿಗೆಹಾರದ ರಸ್ತೆಗೆ ಮುಟ್ಟಿಸಿದರೆ ಬಸ್ಸೋ ಲಾರಿಯೋ ಸಿಗುತ್ತೆ, ಮೂಡಿಗೆರೆಗೆ ಹೋಗಬಹುದು. ನಮ್ಮ ಮನೆಯಿಂದ ರಸ್ತೆಗೆ ಕಾಲುದಾರಿ, ನಡುವೆ ಒಂದು ಹಳ್ಳ, ಮರದ ಸಂಕ. ನಾಲ್ಕು ಜನ ಬಂದರು. ಬಿದಿರ ಬೊಂಬಿಗೆ ಕಂಬಳಿಯ ಎರಡು ತುದಿ ಕಟ್ಟಿ ಜೋಲಿ ಮಾಡಿದರು. ಮನೆಯಲ್ಲಿ ಇದ್ದದ್ದೇ ಒಂದು ಕಂಬಳಿ, ಅದು ಜೋಲಿಗಾಯ್ತು. ಮೇಲಿನಿಂದ ಸುರಿಯೋದಕ್ಕೆ ಏನು ಮಾಡೋದು? ಅಜ್ಜಿ ಅಟ್ಟದ ಮೊಳೆಗೆ ಸಿಕ್ಕಿಸಿದ್ದ ತನ್ನ ಗೊರಬು ತಂದು ಅಜ್ಜನ ಮುಖ, ಎದೆಯ ಮೇಲೆ ಬರುವ ಹಾಗೆ ಬೊಂಬಿಗೆ ಕಟ್ಟಿದಳು. ತಾನು ಸೆರಗು ಹೊದ್ದು ಹಿಂದೆ ನಡೆದಳು. ಅಪ್ಪನ ತಲೆಗೆ ಗೋಣಿಚೀಲ. ಒಂದು ಮೂಲೆಯನ್ನು ಇನ್ನೊಂದು ಮೂಲೆಯೊಳಗೆ ತೂರಿಸಿದರೆ ಆಗುವ ಕೊಪ್ಪೆ.

ಇಳಿಜಾರು ಬಂದಾಗ ತೊಂದರೆ ಆಯ್ತಂತೆ. ಬೊಂಬು ಮುಂದಕ್ಕೆ ವಾಲಿದ ತಕ್ಷಣ ಅದರ ಮೇಲೆ ಬಿದ್ದ ನೀರೆಲ್ಲ ಹರಿದು ಬಂದು ತಲೆಯ ಕಡೆಯ ಗಂಟಿಗೆ ಇಳಿದು, ಕಂಬಳಿ ಹಿಡಿದು ಅಜ್ಜನ ಕುತ್ತಿಗೆಗೆ. ಹೊತ್ತವರಲ್ಲಿ ಹಿರಿಯವನೊಬ್ಬ ಜೋಲಿ ಇಳಿಸಲಿಕ್ಕೆ ಬಿಡಲಿಲ್ಲ. "ನಿಲ್ಸ್‌ಬೇಡ್ರೋ, ಬಾಳೆ ನಾರು ತಾರೋ ಮಗಾ" ಅಂದ. ಅಪ್ಪ ದಾರಿ ಪಕ್ಕದ ಬಾಳೆಯಿಂದ ನಾರು ಸೀಳಿ ಕೊಟ್ಟರು. ಅವನು ನಡೆಯುತ್ತಲೇ ಗಂಟಿಗಿಂತ ಒಂದು ಗೇಣು ಹಿಂದೆ ಬೊಂಬಿಗೆ ಸುತ್ತು ಹಾಕಿ ಬಾಲ ಇಳಿಬಿಟ್ಟ. ನೀರು ಅಲ್ಲೇ ನಾರು ಹಿಡಿದು ನೆಲಕ್ಕೆ ಬೀಳತೊಡಗಿತು. ನೀರು ಒಂದು ವಸ್ತುವಿಗೆ ಅಂಟಿಕೊಂಡೇ ಹರಿಯುತ್ತೆ, ಕೆಳಕ್ಕೆ ಹೋಗೋ ಇನ್ನೊಂದು ಸುಲಭದ ದಾರಿ ಸಿಕ್ಕರೆ ಅದನ್ನು ಹಿಡಿಯುತ್ತೆ. ಇದೇ ಉಪಾಯವನ್ನು ಹ್ಯಾಮಕ್ ಜನ ಇಂಗ್ಲಿಷಿನಲ್ಲಿ ಒಂದು ಹೆಸರಿಟ್ಟು ಕಲಿಸಿಕೊಡ್ತಾರೆ ಅಂತ ಆಮೇಲೆ ಗೊತ್ತಾಯ್ತು. ನನ್ನ ಸ್ನೇಹಿತ ಆ ಪಾಠ ತಪ್ಪಿಸಿಕೊಂಡಿದ್ದ ಅಷ್ಟೆ.

ಅಜ್ಜ ಬದುಕಿದ. ಇನ್ನೂ ಹದಿನಾಲ್ಕು ವರ್ಷ ಇದ್ದ. ಅಜ್ಜಿಗೆ ಆ ಮಳೆಗಾಲದಲ್ಲಿ ಹಿಡಿದ ದಮ್ಮು ಕೊನೆಯವರೆಗೂ ಪೂರ್ತಿ ಬಿಡಲಿಲ್ಲ, 2011ರಲ್ಲಿ ಹೋದಳು. ಅವತ್ತು ಕಟ್ಟಿದ ಗೊರಬು ಸಂಕದ ಹತ್ತಿರ ಕೊಂಬೆಗೆ ಸಿಕ್ಕಿ ಹರಿದುಹೋಗಿತ್ತಂತೆ. ಆ ವರ್ಷದ ಉಳಿದ ಮಳೆಗಾಲವನ್ನು ಗೋಣಿಕೊಪ್ಪೆಯಲ್ಲೇ ಕಳೆದಳು.

ಇಲ್ಲಿ ನನಗೊಂದು ವಿಷಯ ಗಂಟಲಲ್ಲಿ ಸಿಕ್ಕಿಕೊಂಡಿದೆ. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಅಂತೊಂದಿತ್ತು. ಅದರ ಹದಿನೇಳನೇ ಕಲಂ ಓದಿದರೆ ಆಶ್ಚರ್ಯವಾಗುತ್ತೆ. ಮಳೆ ಮತ್ತು ಚಳಿಯಿಂದ ಕಾಪಾಡಲು ಮಾಲೀಕರು ಕೆಲಸಗಾರರಿಗೆ ಕೊಡೆ, ಕಂಬಳಿ, ರೈನ್‌ಕೋಟುಗಳನ್ನು ಕೊಡಬೇಕು ಅಂತ ರಾಜ್ಯ ಸರ್ಕಾರ ನಿಯಮ ಮಾಡಬಹುದು ಅನ್ನುತ್ತೆ. ಕಂಬಳಿ ಅನ್ನೋದು ದೇಶದ ಕಾನೂನಿನ ಪುಸ್ತಕದಲ್ಲಿ! ಆದರೆ ಕಾಯ್ದೆ ಅನ್ವಯಿಸುತ್ತಿದ್ದದ್ದು ಆಗ 25 ಎಕರೆ ಮತ್ತು 30 ಜನ ಕೆಲಸಗಾರರು ಇದ್ದ ತೋಟಗಳಿಗೆ. 1981ರ ತಿದ್ದುಪಡಿಯಲ್ಲಿ 5 ಹೆಕ್ಟೇರು, 15 ಜನ ಅಂತಾಯ್ತು. 2020ರಲ್ಲಿ ಸಂಸತ್ತು ಒಪ್ಪಿದ ಹೊಸ ಕಾರ್ಮಿಕ ಸಂಹಿತೆಯೊಳಗೆ ಅದನ್ನೂ ಸೇರಿಸಿದರು. ನಮ್ಮ ಕಡೆಯ ಬಹುಪಾಲು ಸಣ್ಣ ತೋಟಗಳು ಈ ಲೆಕ್ಕದ ಹೊರಗೆ. ಗದ್ದೆ ನಾಟಿಗಂತೂ ಯಾವ ಕಲಮೂ ಇಲ್ಲ. ಅಜ್ಜಿ ಹೋಗ್ತಿದ್ದದ್ದು ದೊಡ್ಡ ಎಸ್ಟೇಟೇ. ಅಲ್ಲಿ ನಿನಗೆ ಕಂಬಳಿ ಕೊಡ್ತಿದ್ದರಾ ಅಂತ ನಾನು ಅವಳನ್ನು ಕೇಳಿರಲಿಲ್ಲ. ಅಪ್ಪನನ್ನು ಕೇಳಿದೆ. "ಕೊಟ್ಟಿದ್ರು ಒಂದ್ಸಲ. ಅದೇ ಕಣೋ ಜೋಲಿ ಕಟ್ಟಿದ್ದು" ಅಂದ್ರು.

ಈಗ ಕಂಬಳಿಯೂ ಇಲ್ಲ, ಗೊರಬೂ ಇಲ್ಲ. ಎಲ್ಲಾ ಪ್ಲಾಸ್ಟಿಕ್. 1933ರಲ್ಲಿ ಇಂಗ್ಲೆಂಡಿನ ಒಂದು ಪ್ರಯೋಗಶಾಲೆಯಲ್ಲಿ ಆಕಸ್ಮಿಕವಾಗಿ ಹುಟ್ಟಿದ ಪಾಲಿಥೀನ್ ನಮ್ಮ ಗದ್ದೆಗೆ ಇಳಿದು ಬಹಳ ಕಾಲ ಆಯ್ತು. ಗೊಬ್ಬರದ ಚೀಲದ ಒಳಗಿನ ಹಾಳೆಯೇ ಕೊಪ್ಪೆಯಾಯ್ತು. ಹಳೇದೆಲ್ಲ ಚೆನ್ನಾಗಿತ್ತು ಅಂತ ನಾನು ಹೇಳೋದಿಲ್ಲ. ಹಗುರ, ಅಗ್ಗ, ಒಣಗಿಸೋ ಕೆಲಸ ಇಲ್ಲ, ಹೆಂಗಸರಿಗೂ ಗಂಡಸರಿಗೂ ಒಂದೇ. 2019ರ ಆಗಸ್ಟ್‌ನಲ್ಲಿ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜರಿದು ಜನ ಉಟ್ಟ ಬಟ್ಟೆಯಲ್ಲಿ ಮನೆ ಬಿಟ್ಟು ಬಂದಾಗ ತಲೆ ಮೇಲೆ ಇದ್ದದ್ದು ಪ್ಲಾಸ್ಟಿಕ್ಕೇ. ಅದೂ ಆಶ್ಲೇಷ ಮಳೆಯೇ.

ಗೊರಬು ಕೊನೆಗೆ ನನಗೆ ಸಿಕ್ಕಿದ್ದು ಒಂದು ಹೋಮ್‌ಸ್ಟೇಯ ಗೋಡೆಯ ಮೇಲೆ, ಮೊರ, ಒನಕೆಗಳ ಪಕ್ಕ. ಮುಟ್ಟಿ ನೋಡಿದೆ. ಹೊಗೆ ಹಿಡಿದಿರಲಿಲ್ಲ, ಒಳಗಿನ ಎಲೆಯೆಲ್ಲ ಪುಡಿಪುಡಿ.

ಎರಡನೇ ರಾತ್ರಿ ಮತ್ತೆ ಜೋಲಿ ಕಟ್ಟಿದೆವು. ಸ್ನೇಹಿತ ತನ್ನ ಶೂ ಲೇಸು ಬಿಚ್ಚಿದ. ಅಪ್ಪ ಬೇಡ ಅಂತ ಹೇಳಿ ಬಾಳೆ ನಾರು ಸೀಳಿಕೊಂಡು ಬಂದು, ಪಟ್ಟಿಗೆ ಒಂದು ಗೇಣು ಅಳೆದು, ಎರಡೂ ಕಡೆ ತಾವೇ ಕಟ್ಟಿದ್ರು. ಕಟ್ಟಿ ಮುಗಿದ ಮೇಲೂ ಟಾರ್ಚ್ ಹಿಡಿದು ಬಹಳ ಹೊತ್ತು ಅಲ್ಲೇ ನಿಂತು ನೀರು ತೊಟ್ಟಿಕ್ಕೋದನ್ನ ನೋಡ್ತಾ ಇದ್ರು. ತಲೆ ಮೇಲೆ ಗೊಬ್ಬರದ ಚೀಲದ ಕೊಪ್ಪೆ ಇತ್ತು.